ಆಗಲ್ಲಪ್ಪನ ಪಂಜರ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಂದರಿನ ಬೋಟು ಕಚೇರಿಯಲ್ಲಿ ಇನ್ಸ್‌ಪೆಕ್ಟರಮ್ಮನ ಕೈಗೆ ಬಂದ ಟಿಕೆಟ್ಟಿನ ಮೇಲೆ 'ವೀಕ್ಷಕರು' ಎಂದು ಅಚ್ಚಾಗಿತ್ತು. ಮಗಳ ಟಿಕೆಟ್ಟಿನ ಮೇಲೆ 'ಪಂಜರ' ಎಂದಿತ್ತು. ಅಳಿಯನದರ ಮೇಲೂ ಅದೇ. ಇನ್ಸ್‌ಪೆಕ್ಟರಮ್ಮನ ಅಕ್ಕನದು ವೀಕ್ಷಕರದ್ದೇ, ಆದರೆ ಅಕ್ಕ ಅದನ್ನು ತಾವೇ ಕೇಳಿ ತೆಗೆಸಿಕೊಂಡಿದ್ದರು.

“ಇದೇನು?” ಎಂದರು ಇನ್ಸ್‌ಪೆಕ್ಟರಮ್ಮ.

ಅಳಿಯ ಕತ್ತು ಕೆರೆದುಕೊಂಡ. “ಅತ್ತೆ, ನೀವು ಬೋಟಿನ ಮೇಲೆ ಆರಾಮಾಗಿ ಕೂತು ನೋಡಬಹುದು. ನೆರಳಿದೆ. ಟೀ ಕೊಡ್ತಾರೆ. ಶಾರ್ಕ್ ಒಂದೊಂದ್ ಸಲ ಮೇಲೂ ಬರುತ್ತಂತೆ.”

“ಟೀ ಕುಡಿಯೋಕೆ ಹದಿನಾಲ್ಕು ಗಂಟೆ ರೈಲಲ್ಲಿ ಬರಬೇಕಿತ್ತಾ? ಮನೇಲಿ ಟೀಪುಡಿ ಇರಲಿಲ್ವಾ?”

“ಅಮ್ಮಾ, ನಿನಗೆ ಅರವತ್ತೊಂದು,” ಎಂದಳು ಮಗಳು.

“ಗೊತ್ತು. ಹುಟ್ಟಿದಾಗ ನಾನೂ ಅಲ್ಲೇ ಇದ್ದೆ.”

ಅಕ್ಕ ಕಿಸಕ್ಕನೆ ನಕ್ಕರು. ಮಗಳು ದೊಡ್ಡಮ್ಮನತ್ತ ದುರುಗುಟ್ಟಿ ನೋಡಿದಳು.

ಇನ್ಸ್‌ಪೆಕ್ಟರಮ್ಮ ಮೂವತ್ತೊಂದು ವರ್ಷ ಲಿಫ್ಟುಗಳ ತಪಾಸಣೆ ಮಾಡಿದವರು. ಆಸ್ಪತ್ರೆ, ಹೋಟೆಲು, ಗೋದಾಮು, ಹನ್ನೆರಡು ಮಹಡಿಯ ಮನೆಗಳು. ಸರಿಯಿಲ್ಲದ ಲಿಫ್ಟಿಗೆ ಸೀಲು ಹಾಕುವ ಅಧಿಕಾರ ಅವರ ಕೈಯಲ್ಲಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಮೇಲಧಿಕಾರಿ, “ಲಿಫ್ಟಿನ ಕೆಳಗಿನ ಗುಂಡಿಗೆ ಗಂಡಸರು ಇಳೀತಾರೆ, ನೀವು ಮೇಲೆ ನಿಂತು ಬರ್ಕೊಳ್ಳಿ” ಎಂದಿದ್ದ. ಅವರು ಇಳಿದು, ಗುಂಡಿಯಲ್ಲೇ ಕೂತು ವರದಿ ಬರೆದು, ಗ್ರೀಸು ಮೆತ್ತಿದ ಕಾಗದವನ್ನು ಹಾಗೆಯೇ ಆತನ ಮೇಜಿನ ಮೇಲಿಟ್ಟಿದ್ದರು. ನಾಲ್ಕು ತಿಂಗಳ ಹಿಂದೆ ನಿವೃತ್ತರಾದ ದಿನ ಸಹೋದ್ಯೋಗಿಗಳು ಮುಂದೇನು ಎಂದು ಕೇಳಿದಾಗ, “ಸಮುದ್ರಕ್ಕಿಳಿದು ಶಾರ್ಕ್ ನೋಡ್ತೀನಿ” ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಬೇರೆಯವರು ಇಳಿಯುವ ಪೆಟ್ಟಿಗೆಗಳನ್ನು ನೋಡಿದ್ದು ಸಾಕಾಗಿತ್ತು. ಒಂದರಲ್ಲಿ ತನಗಾಗಿ ಇಳಿಯಬೇಕಿತ್ತು.

ಈ ಊರಿನಲ್ಲಿ ಇಳಿಸುವ ರೀತಿಯೂ ಅವರಿಗೆ ಹೊಂದುವಂಥದ್ದೇ. ಕಬ್ಬಿಣದ ಪಂಜರದೊಳಗೆ ನಾಲ್ಕು ಜನ ನಿಲ್ಲುತ್ತಾರೆ. ಬೋಟಿನ ಮೇಲಿನ ವಿಂಚ್ ಎಂಬ ರಾಟೆಯಂತ್ರ ಅದನ್ನು ಉಕ್ಕಿನ ಹಗ್ಗದಲ್ಲಿ ಹತ್ತು ಮೀಟರ್ ಕೆಳಕ್ಕೆ ಬಿಡುತ್ತದೆ. ಉಸಿರಾಡಲು ಮೇಲಿನಿಂದ ಕೊಳವೆಯಲ್ಲಿ ಗಾಳಿ ಬರುತ್ತದೆ. ಈಜು ಬರಬೇಕೆಂದಿಲ್ಲ.

“ನೀರಲ್ಲಿರೋ ಲಿಫ್ಟು ಅಷ್ಟೇ ತಾನೆ?” ಎಂದು ಅವರು ರೈಲಿನಲ್ಲೇ ಹೇಳಿದ್ದರು. ಆಗ ಅಳಿಯ ಯಾಕೋ ಕಿಟಕಿಯಾಚೆ ನೋಡಿದ್ದ. ಯಾಕೆಂದು ಈಗ ತಿಳಿಯಿತು.

“ಈ ಕಂಪನೀನ ಹೇಗೆ ಆರಿಸಿದ್ರಿ ಅಳಿಯಂದ್ರೇ?”

“ನಾಲ್ಕೂಮುಕ್ಕಾಲು ನಕ್ಷತ್ರ ಅತ್ತೆ! ಈ ಬೀದೀಲಿ ಇವರಿಗೇ ಜಾಸ್ತಿ. ‘ಖಂಡಿತ ಹೊರಡುತ್ತೇವೆ’ ಅಂತ ಗ್ಯಾರಂಟಿ ಬೇರೆ.”

“ಪಂಜರಾನ ನಕ್ಷತ್ರಕ್ಕೆ ನೇತು ಹಾಕ್ತಾರಾ? ಹಗ್ಗಕ್ಕೆ ತಾನೆ?”

ಮಾತು ಮುಗಿಸಿ ಅವರು ಕೌಂಟರಿನತ್ತ ತಿರುಗಿದರು. ಅದು ಗಾಜಿನ ಕಚೇರಿ. ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಎದೆಗೆ ಬಿಲ್ಲೆ ಚುಚ್ಚಿಕೊಂಡ ಮ್ಯಾನೇಜರ್ ನಗುತ್ತಾ ನಿಂತಿದ್ದ. ಹಗ್ಗದ ತಪಾಸಣಾ ಪುಸ್ತಕ ತೋರಿಸಿ ಎಂದು ಯಾರೂ ಅವನನ್ನು ಅದುವರೆಗೆ ಕೇಳಿರಲಿಲ್ಲ. ಹುಡುಕಿ, ಹೆಮ್ಮೆಯಿಂದಲೇ ತಂದುಕೊಟ್ಟ.

ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿ ಹಾಳೆ ತಿರುವಿದರು. ಐವತ್ತೆರಡು ವಾರ, ಐವತ್ತೆರಡು 'ಸರಿಯಿದೆ'. ಒಂದೇ ನೀಲಿ ಪೆನ್ನು. ಸಮುದ್ರದ ಮೇಲೆ ಇರಬೇಕಾದ ಪುಸ್ತಕಕ್ಕೆ ಒಂದು ಹನಿ ನೀರು ಸೋಕಿರಲಿಲ್ಲ.

“ಒಂದೇ ಸಲ ಕೂತು ಬರೆದಿದ್ದಾರೆ,” ಎಂದರು. “ಪಾಪ, ಕೈ ನೋವು ಬಂದಿರಬೇಕು. ನಲವತ್ತನೇ ವಾರದಿಂದ ಅಕ್ಷರ ಕುಂಟುತ್ತೆ ನೋಡಿ.”

ಮ್ಯಾನೇಜರನ ನಗು ಅರ್ಧಕ್ಕೆ ನಿಂತಿತು.

ಕಚೇರಿಯ ಹಿಂದೆಯೇ ಕಟ್ಟೆಗೆ ಬೋಟು ಕಟ್ಟಿತ್ತು. ಫೋಟೋ ತೆಗೆಸಿಕೊಳ್ಳಲು ಯಾರು ಬೇಕಾದರೂ ಹತ್ತಬಹುದಿತ್ತು. ಇನ್ಸ್‌ಪೆಕ್ಟರಮ್ಮನೂ ಹತ್ತಿದರು. ಚೀಲದಿಂದ ಹತ್ತಿಯ ಕರವಸ್ತ್ರ ತೆಗೆದು ಹಗ್ಗಕ್ಕೆ ಸುತ್ತಿ, ಮುಷ್ಟಿಯಲ್ಲಿ ಹಿಡಿದು, ವಿಂಚಿನಿಂದ ಪಂಜರದ ಕಡೆಗೆ ನಿಧಾನವಾಗಿ ಎಳೆದರು. ಬಟ್ಟೆ ಒಂದು ಗೇಣು ಜಾರಿ, ಚರಕ್ಕನೆ ಸಿಕ್ಕಿಕೊಂಡಿತು. ಬಿಡಿಸಿದರು. ಮತ್ತೆ ಸಿಕ್ಕಿತು. ಉಕ್ಕಿನ ಹಗ್ಗವೆಂದರೆ ನೂರಾರು ಸಣ್ಣ ತಂತಿಗಳ ಹೆಣಿಗೆ. ಅವುಗಳಲ್ಲೊಂದು ತುಂಡಾದರೆ ಅದರ ತುದಿ ಕಣ್ಣಿಗೆ ಕಾಣದಿದ್ದರೂ ಹತ್ತಿಯ ಎಳೆಗೆ ಸಿಗುತ್ತದೆ. ಒಂದು ಮೊಳದಲ್ಲಿ ಏಳು ಕಡೆ ಸಿಕ್ಕಿತು.

“ಅಮ್ಮಾ, ನೀವ್ಯಾರು? ಯಾವ ಇಲಾಖೆಯಿಂದ ಬಂದಿದ್ದೀರಿ?” ಮ್ಯಾನೇಜರ್ ಓಡಿಬಂದ.

ಇನ್ಸ್‌ಪೆಕ್ಟರಮ್ಮನ ಕೈ ಅಭ್ಯಾಸಬಲದಿಂದ ಚೀಲದ ಪಕ್ಕದ ಜೇಬಿಗೆ ಹೋಯಿತು. ಅಲ್ಲಿ ಗುರುತಿನ ಚೀಟಿ ಇರುತ್ತಿತ್ತು. ನಾಲ್ಕು ತಿಂಗಳಿಂದ ಇರಲಿಲ್ಲ.

“ಯಾವ ಇಲಾಖೇನೂ ಅಲ್ಲ. ರಿಟೈರ್ಡ್.”

“ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ಬನ್ನಿ. ಜನ ಫೋಟೋಗೆ ಕಾಯ್ತಿದ್ದಾರೆ.”

ಮಗಳ ಮುಖ ಕೆಂಪಾಗಿತ್ತು. “ಅಮ್ಮಾ ಸಾಕು. ಎಲ್ಲಿ ಹೋದ್ರೂ ಇದೇ ಗೋಳು. ನನ್ನ ಮದುವೆ ದಿನ ಹಾಲ್‌ನ ಲಿಫ್ಟ್ ನಿಲ್ಲಿಸಿದೆ. ಇವರ ಮನೆಯವರೆಲ್ಲ ಮೂರು ಮಹಡಿ ಹತ್ತಿ ಬಂದ್ರು.”

“ನಮ್ಮಜ್ಜಿ ಈಗಲೂ ಹೇಳ್ತಿರ್ತಾರೆ,” ಎಂದ ಅಳಿಯ, ಮೆಲ್ಲಗೆ.

“ಹತ್ತಿ ಬಂದ್ರು. ಬಿದ್ದು ಬರಲಿಲ್ಲ.” ಇನ್ಸ್‌ಪೆಕ್ಟರಮ್ಮ ಟಿಕೆಟ್ಟನ್ನು ಮ್ಯಾನೇಜರನ ಕೈಗಿಟ್ಟರು. “ಇದು ನನಗೆ ಬೇಡ. ಕೇಳಿ ಇಬ್ಬರೂ: ನಾನು ಇಳಿಯೋದು ಖಂಡಿತ. ಆದ್ರೆ ಈ ಹಗ್ಗದಲ್ಲಿ ನಾನೂ ಇಳಿಯಲ್ಲ, ನೀವೂ ಇಳಿಯಬಾರದು.”

“ಅಪ್ಪಣೆನಾ?” ಮಗಳ ದನಿ ಏರಿತು. “ನಾಳೆ ಬೆಳಿಗ್ಗೆ ಆರೂವರೆಗೆ ಬೋಟು. ಸಂಜೆ ರೈಲು. ಅಷ್ಟರೊಳಗೆ ನಿನಗೆ ಒಪ್ಪೋ ಹಗ್ಗ ಹುಡುಕು, ನೋಡೋಣ.”

“ಹುಡುಕ್ತೀನಿ.”

ಹನ್ನೊಂದು ಗಂಟೆಗೆ ಅಕ್ಕತಂಗಿಯರು ಟೀ ಅಂಗಡಿಯ ಮೂಲೆಯ ಮೇಜು ಹಿಡಿದರು. ಬಂದರಿನ ಬೀದಿಯಲ್ಲಿ ಶಾರ್ಕ್ ತೋರಿಸುವವರು ಒಟ್ಟು ಐದು ಮಂದಿ. ಅಕ್ಕನ ಫೋನಿನಲ್ಲಿ ಐವರ ಬಗ್ಗೆಯೂ ಜನ ಬರೆದದ್ದಿತ್ತು. ಇನ್ಸ್‌ಪೆಕ್ಟರಮ್ಮ ಹೊಗಳಿಕೆಯ ಗೋಜಿಗೇ ಹೋಗಲಿಲ್ಲ. ಬೈಗುಳಗಳನ್ನು ಮಾತ್ರ ಓದಿಸಿದರು.

“‘ಟೀ ತಣ್ಣಗಿತ್ತು’,” ಎಂದು ಓದಿದರು ಅಕ್ಕ. “‘ಶಾರ್ಕ್ ಚಿಕ್ಕದಿತ್ತು.’ ಅಲ್ಲ ಕಣೇ, ಬದನೆಕಾಯಿ ಆರಿಸೋಕೆ ಬಂದಿದ್ರಾ ಇವರು?”

“ಮುಂದೆ ಓದು.”

“ಇವನೊಬ್ಬನಿಗೆ ಎರಡೇ ನಕ್ಷತ್ರ. ‘ಎರಡು ದಿನ ಕಾಯಿಸಿದ, ಎರಡು ದಿನವೂ ಆಗಲ್ಲ ಎಂದ.’ ‘ಹಗ್ಗ ಬದಲಾಯಿಸುತ್ತಿದ್ದೇನೆ ಎಂದು ವಾಪಸ್ ಕಳಿಸಿದ.’ ‘ನನ್ನ ಗಂಡನಿಗೆ ನೆಗಡಿಯಿದೆ ಎಂದು ನೀರಿಗೇ ಬಿಡಲಿಲ್ಲ.’ ‘ಮಹಾ ಒರಟ. ಊರಿನವರು ಇವನನ್ನು ಆಗಲ್ಲಪ್ಪ ಅಂತಲೇ ಕರೆಯುತ್ತಾರೆ.’”

ಇನ್ಸ್‌ಪೆಕ್ಟರಮ್ಮ ಲೋಟ ಕೆಳಗಿಟ್ಟರು. “ಇವನು ಎಲ್ಲಿ ಸಿಗ್ತಾನೆ?”

“ಎರಡು ನಕ್ಷತ್ರ ಕಣೇ!”

“ಅಕ್ಕಾ, ನೆಗಡಿ ಇದ್ರೆ ಆಳದಲ್ಲಿ ಕಿವಿ ಒಡೆಯುತ್ತೆ. ಆ ಹೆಂಗಸಿನ ಗಂಡನ ಕಿವಿ ಉಳಿಸಿದ್ದಕ್ಕೆ ಇವನಿಗೆ ನಕ್ಷತ್ರ ಹೋಗಿದೆ. ಏಳು.”

ಆಗಲ್ಲಪ್ಪನ ಶೆಡ್ಡು ಬೀದಿಯ ಕೊನೆಯಲ್ಲಿ, ಐಸ್ ಕಾರ್ಖಾನೆಯ ಗೋಡೆಗೆ ಒರಗಿಕೊಂಡಿತ್ತು. ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಮೊಣಕೈವರೆಗೆ ಗ್ರೀಸು. ಗೋಡೆಯ ಮೇಲೆ ಮೊಳದುದ್ದದ ಹಗ್ಗದ ತುಂಡುಗಳು ಸಾಲಾಗಿ ನೇತಾಡುತ್ತಿದ್ದವು. ಪ್ರತಿಯೊಂದಕ್ಕೂ ತಾರೀಖಿನ ಚೀಟಿ.

“ಇದೇನಪ್ಪಾ, ಹಾವು ಒಣಗಿ ಹಾಕಿದ್ದೀಯ?” ಎಂದರು ಅಕ್ಕ.

“ಹಳೇ ಹಗ್ಗ. ಕತ್ತರಿಸದೆ ಬಿಟ್ರೆ ಯಾರಾದ್ರೂ ತಗೊಂಡೋಗಿ ಮತ್ತೆ ಕಟ್ತಾರೆ.” ಅವನು ತಲೆಯೆತ್ತಲಿಲ್ಲ. “ನಾಳೆ ಆಗಲ್ಲ. ಅಲೆ ಎರಡೂವರೆ ಮೀಟರ್ ಬರುತ್ತೆ.”

“ನಾನಿನ್ನೂ ಕೇಳೇ ಇಲ್ಲ. ಪುಸ್ತಕ ಕೊಡಿ.”

ಈಗ ತಲೆಯೆತ್ತಿದ. ಒಂದು ಕ್ಷಣ ನೋಡಿ, ವಿಂಚಿನ ಬದಿಗೆ ಸಿಕ್ಕಿಸಿದ್ದ ಪುಸ್ತಕ ಎಳೆದುಕೊಟ್ಟ. ಅದು ಉಪ್ಪುನೀರು ಕುಡಿದು ಉಬ್ಬಿತ್ತು. ನಾಲ್ಕು ಬಣ್ಣದ ಪೆನ್ನು, ನಡುವೆ ಪೆನ್ಸಿಲು, ಒಂದೆಡೆ ಹೆಬ್ಬೆರಳಿನ ಗ್ರೀಸು. ಕಳೆದ ತಿಂಗಳ ಒಂದು ಸಾಲಿನಲ್ಲಿ ಇನ್ಸ್‌ಪೆಕ್ಟರಮ್ಮನ ಬೆರಳು ನಿಂತಿತು: 'ಈ ವಾರ ನೋಡಲಿಲ್ಲ. ಜ್ವರ. ಬೋಟು ಬಿಡಲಿಲ್ಲ.' ಮೂವತ್ತೊಂದು ವರ್ಷದಲ್ಲಿ ಸಾವಿರಾರು ಪುಸ್ತಕ ನೋಡಿದ್ದರು. 'ನೋಡಲಿಲ್ಲ' ಎಂದು ಬರೆದದ್ದನ್ನು ಓದಿದ್ದು ಇದೇ ಮೊದಲು.

ಕರವಸ್ತ್ರದ ಇನ್ನೊಂದು ಮೂಲೆಯಿಂದ ಅವನ ಹಗ್ಗವನ್ನೂ ಒರೆಸಿದರು. ಬಟ್ಟೆ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಜಾರಿ, ಹೊಸ ಗ್ರೀಸು ಮೆತ್ತಿ ಕಪ್ಪಾಗಿ ಹೊರಬಂತು.

“ನನಗೆ ಇಳೀಬೇಕು,” ಎಂದರು.

“ವಯಸ್ಸು?”

“ಅರವತ್ತೊಂದು.”

“ಮಾತ್ರೆ?”

“ಬಿ.ಪಿ.ಗೆ. ದಿನಕ್ಕೊಂದು.”

“ಆಗಲ್ಲ.”

ಅಕ್ಕ ತಂಗಿಯ ಪಕ್ಕೆಗೆ ತಿವಿದರು. “ಬಾಯಿ ಮುಚ್ಕೊಂಡಿರೋಕೆ ಆಗ್ತಿರಲಿಲ್ವಾ ನಿನಗೆ?”

ಇನ್ಸ್‌ಪೆಕ್ಟರಮ್ಮನಿಗೆ ಎಷ್ಟೋ ಕಟ್ಟಡಗಳ ಮಾಲೀಕರು ತಮ್ಮೆದುರು ಹೀಗೇ ಉಗುಳು ನುಂಗಿದ್ದು ನೆನಪಾಯಿತು. ಮೊದಲ ಬಾರಿಗೆ ಯಾರೋ ಅವರಿಗೇ ಸೀಲು ಹಾಕಿದ್ದರು.

“ಏನಿದ್ರೆ ಆಗುತ್ತೆ, ಅದನ್ನ ಹೇಳಿ.”

“ಡಾಕ್ಟರ್ ಪರೀಕ್ಷೆ ಮಾಡಿ ಬರೆದುಕೊಟ್ಟ ಚೀಟಿ. ಅರ್ಧ ದಿನ ಈಜುಕೊಳದಲ್ಲಿ ಉಸಿರಾಡೋ ಅಭ್ಯಾಸ. ಆಮೇಲೆ ಸಮುದ್ರ ಒಪ್ಪಬೇಕು. ನಾಳೆ, ನಾಡಿದ್ದು ಒಪ್ಪಲ್ಲ. ಗುರುವಾರ ನೋಡೋಣ.”

“ನಮ್ಮ ರೈಲು ನಾಳೆ ಸಂಜೆ.”

“ಹಾಗಾದ್ರೆ ಆಗಲ್ಲ.”

“ರೈಲಿಗೇನು, ನಾವಿಲ್ದಿದ್ರೂ ಹೋಗುತ್ತೆ. ಬರ್ಕೊಳ್ಳಿ: ಗುರುವಾರ, ಎರಡು ಜಾಗ.”

“ಇನ್ನೊಬ್ಬರು ಇವರಾ?”

“ನಾನಾ?” ಎಂದರು ಅಕ್ಕ. “ನನ್ನ ಮೂಳೆ ಕಡಿದ್ರೆ ಶಾರ್ಕಿಗೇ ಹಲ್ಲುನೋವು ಬರುತ್ತೆ.”

“ಮಗಳು,” ಎಂದರು ಇನ್ಸ್‌ಪೆಕ್ಟರಮ್ಮ.

“ಅವರು ಒಪ್ಪಿದ್ದಾರಾ?”

“ಇಲ್ಲ.”

“ಹಾಗಾದ್ರೆ ಒಂದೇ ಬರೀತೀನಿ. ಅವರದನ್ನ ಅವರೇ ಬಂದು ಹೇಳಲಿ.”

ಸಂಜೆ ವಸತಿಗೃಹದ ಕೋಣೆಯಲ್ಲಿ ಮಾತು ಬಿಸಿಯೇರಿತು. ರಜೆ ಮುಗಿಯುತ್ತದೆ ಎಂದಳು ಮಗಳು. ಎರಡು ನಕ್ಷತ್ರದವನನ್ನು ನಂಬಿ ನಾಲ್ಕೂಮುಕ್ಕಾಲನ್ನು ಬಿಡಬೇಕೇ ಎಂದ ಅಳಿಯ.

“ಅಲ್ಲ ಅತ್ತೆ, ಅಷ್ಟು ಜನ ದಿನಾ ಹೋಗಿ ಬರ್ತಿದ್ದಾರೆ. ಇವತ್ತಿನವರೆಗೆ ಏನಾದ್ರೂ ಆಗಿದೆಯಾ?”

“ಏನೂ ಆಗದೆ ಇರೋ ಲಿಫ್ಟುಗಳಿಗೇ ನಾನು ಸೀಲು ಹಾಕಿದ್ದು ಅಳಿಯಂದ್ರೇ. ಆದಮೇಲೆ ಬರೋರು ಪೊಲೀಸರು.”

ಅಕ್ಕ ಮೋಸಂಬಿ ಸುಲಿಯುತ್ತಿದ್ದರು.

“ಗುರುವಾರವೂ ಅವನು ಆಗಲ್ಲ ಅಂದ್ರೆ?” ಎಂದಳು ಮಗಳು.

“ಶುಕ್ರವಾರ ಕೇಳ್ತೀನಿ.”

“ಡಾಕ್ಟರೇ ಆಗಲ್ಲ ಅಂದ್ರೆ?”

ಇನ್ಸ್‌ಪೆಕ್ಟರಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಮೊಣಕಾಲು ನೀವಿಕೊಂಡರು. “ಆಗ ಮನೆಗೆ ಬರ್ತೀನಿ,” ಎಂದರು. “ಆದ್ರೆ ‘ಅಮ್ಮನಿಗೆ ಯಾಕೆ’ ಅಂತ ನೀವು ನಿಮ್ಮನಿಮ್ಮಲ್ಲೇ ತೀರ್ಮಾನ ಮಾಡಿದ್ದಕ್ಕೆ ಬರೋದಿಲ್ಲ. ನನ್ನನ್ನ ಕೇಳದೆ ಆ ಟಿಕೆಟ್ ತಗೊಂಡ್ರಲ್ಲ, ಅದು ನನಗೆ ಶಾರ್ಕಿಗಿಂತ ಜೋರಾಗಿ ಕಚ್ಚಿತು.”

ಮಗಳು ತಲೆ ತಗ್ಗಿಸಿದಳು. ಅಳಿಯ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. ಬೆಳಿಗ್ಗೆ ತಾನೊಬ್ಬನಾದರೂ ಹೋಗಿಯೇ ಹೋಗುತ್ತೇನೆ ಎಂದ.

“ಹೋಗಿ. ನಿಮ್ಮನ್ನ ತಡೆಯೋಕೆ ನನ್ನ ಹತ್ರ ಈಗ ಸೀಲೂ ಇಲ್ಲ, ಇಲಾಖೇನೂ ಇಲ್ಲ. ಪಂಜರ ಹತ್ತೋ ಮುಂಚೆ ಹಗ್ಗಾನ ನಿಮ್ಮ ಕೈಯಾರೆ ಒರೆಸಿ ನೋಡಿ. ಬಟ್ಟೇನೂ ನಿಮ್ಮದೇ ಇರಲಿ. ನನ್ನ ಮಾತು ನಂಬಲೇಬೇಡಿ.”

ಮಂಗಳವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಅಳಿಯ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟ. ಆರು ಇಪ್ಪತ್ತಕ್ಕೆ ವಾಪಸ್ ಬಂದ. ಟವೆಲು ಎರಡು ಕಡೆ ಹರಿದಿತ್ತು. ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು. ಯಾರನ್ನೂ ನೋಡದೆ, “ಮುಲಾಮು ಇದೆಯಾ ದೊಡ್ಡತ್ತೆ?” ಎಂದ. ಅಕ್ಕ ಕೊಟ್ಟರು. ತಿಂಡಿಯ ಹೊತ್ತಿಗೆ ಮಗಳು ತನ್ನ, ಗಂಡನ ಕಚೇರಿಗಳಿಗೆ ಫೋನು ಮಾಡಿ ಇಬ್ಬರ ರಜೆಯನ್ನೂ ವಾರಾಂತ್ಯದವರೆಗೆ ಮುಂದುವರಿಸಿದಳು.

ಗಾಜಿನ ಕಚೇರಿಯ ಬೋಟು ಅಂದು ಆರೂವರೆಗೆ ಒಂಬತ್ತು ಜನರನ್ನು ಕರೆದುಕೊಂಡು ಹೋಗಿ ಹತ್ತೂಕಾಲಿಗೆ ಕ್ಷೇಮವಾಗಿ ಮರಳಿತು. ಮ್ಯಾನೇಜರ್ ಅಳಿಯನ ಫೋನಿಗೆ ಒಂಬತ್ತೂ ಜನ ನಗುತ್ತಿರುವ ಫೋಟೋ ಕಳಿಸಿದ. “ಒಳ್ಳೇದಾಯ್ತು,” ಎಂದರು ಇನ್ಸ್‌ಪೆಕ್ಟರಮ್ಮ, ಮನಃಪೂರ್ವಕವಾಗಿಯೇ. ಆಮೇಲೆ ಬಂದರು ಅಧಿಕಾರಿಗೆ ಎರಡು ಪುಟದ ದೂರು ಬರೆದು, ಕೊಟ್ಟದ್ದಕ್ಕೆ ರಸೀದಿ ಪಡೆದರು.

ಮಧ್ಯಾಹ್ನ ಡಾಕ್ಟರು ರಕ್ತದೊತ್ತಡವನ್ನು ಮೂರು ಸಲ ಅಳೆದು, ಮೆಟ್ಟಿಲು ಹತ್ತಿಸಿ ಇಳಿಸಿ, ಚೀಟಿ ಬರೆದುಕೊಟ್ಟರು. ಬುಧವಾರ ಈಜುಕೊಳದಲ್ಲಿ ಅಭ್ಯಾಸವಾಯಿತು. ಅಂದೇ ಸಂಜೆ ಮಗಳು ಗಂಡನನ್ನೂ ಕರೆದುಕೊಂಡು ಶೆಡ್ಡಿಗೆ ಹೋಗಿ ತಮಗೂ ಜಾಗ ಕೇಳಿ, ಪುಸ್ತಕದಲ್ಲಿ ಇಬ್ಬರ ಹೆಸರನ್ನೂ ಬರೆಸಿದಳು. ಗುರುವಾರ ಅಲೆ ಇಳಿಯಲಿಲ್ಲ; ಅಂದು ಅವರಿಬ್ಬರ ಪರೀಕ್ಷೆ, ಈಜುಕೊಳದ ಅಭ್ಯಾಸ ಮುಗಿದವು.

ಶುಕ್ರವಾರ ಬೆಳಿಗ್ಗೆ ಏಳು ಐವತ್ತಕ್ಕೆ ಪಂಜರ ಹತ್ತು ಮೀಟರ್ ಇಳಿಯಿತು. ಒಳಗೆ ಇನ್ಸ್‌ಪೆಕ್ಟರಮ್ಮ, ಮಗಳು, ಅಳಿಯ ಮೂವರಿದ್ದರು. ಮೊದಲ ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಎಂಟು ಹತ್ತಕ್ಕೆ ಬಲಗಡೆಯಿಂದ ಒಂದು ಹೆಣ್ಣು ಶಾರ್ಕ್ ಬಂದು, ಪಂಜರವನ್ನು ಎರಡು ಸುತ್ತು ಹಾಕಿ, ಆಳಕ್ಕೆ ಹೋಯಿತು.