ನಾಲ್ಕನೆಯ ಕಾಲರ್

ಹೊಲಿಗೆ ಅಂಗಡಿಯ ಕಟಿಂಗ್ ಅಕ್ಕ ಪರೀಕ್ಷೆಗೆಂದು ಹೊಲಿಸಿದ ಕಾಲರನ್ನು ಒಳಹೊರಗು ಮಾಡಿ, ಸೂಜಿಯಿಂದ ತುದಿಯನ್ನು ಮೆಲ್ಲಗೆ ಹೊರಗೆಳೆದಳು. ತುದಿ ಬಾಯಿ ಬಿಟ್ಟಿತು. ಮೂಲೆಯ ಹೆಚ್ಚುವರಿ ಬಟ್ಟೆ ಕತ್ತರಿಸುವಾಗ ಹೊಲಿಗೆಗೂ ಕತ್ತರಿ ತಗುಲಿತ್ತು.

ಕೆಲಸ ಕೇಳಿಕೊಂಡು ಬಂದಿದ್ದ ಹೆಂಗಸು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇನ್ನೊಂದ್ಸಲ ಹೊಲೀಲಾ ಅಕ್ಕಾ? ಕ್ಯಾಂಟೀನ್ ಕೆಲಸಾನೂ ಹೋಯ್ತು. ಬೇಗ ಕಲ್ತ್ಕೊಳ್ತೀನಿ."

ಯಜಮಾನ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದ. "ಅಕ್ಕಾ, ಕಲಿಯೋರು ಬೇಡ. ಕಲ್ತಿರೋಳು ಒಬ್ಬಳು ಸಾಕು."

"ಸರ್ಕಾರ ಇಷ್ಟು ಯೂನಿಫಾರಂ ಆರ್ಡರ್ ಕೊಟ್ಟಿದೆ, ಒಬ್ಬಳು ಸಾಕಾ ಯಜಮಾನ್ರೇ?"

"ಸರ್ಕಾರ ಹೊಲೀರಿ ಅಂತು. ಬೆಲೆ ಏರ್ತಿದೆ ಅಂತ ದೊಡ್ಡ ಬ್ಯಾಂಕು ಅದೇ ವಾರ ಬಡ್ಡಿ ಏರಿಸ್ತು. ಸಾಲ ಇಲ್ದೆ ಬಟ್ಟೆ ಎಲ್ಲಿಂದ ತರ್ಲಿ? ಎತ್ತು ಏರಿಗೆ, ಕೋಣ ನೀರಿಗೆ; ಮಧ್ಯದ ನೊಗ ನಾನು. ಅರ್ಧ ಆರ್ಡರ್ ವಾಪಸ್ ಕೊಟ್ಟೆ."

"ನೊಗಕ್ಕೆ ಹೊಟ್ಟೆ ಬೇರೆ ಬಂದಿದೆ," ಅಂದಳು ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಮುದುಕಿ. ಎಲ್ಲರೂ ನಕ್ಕರು. ಯಜಮಾನನೂ ನಕ್ಕ. ಬಂದವಳು ನಗಲಿಲ್ಲ.

"ಸೋಮವಾರ ಯಾರಾದ್ರೂ ಒಬ್ಬರನ್ನ ಆರಿಸಿಬಿಡಿ ಅಕ್ಕಾ," ಎಂದು ಯಜಮಾನ ಒಳಗೆ ಹೋದ.

ಇಪ್ಪತ್ತಾರು ವರ್ಷಗಳ ಹಿಂದೆ ಇದೇ ಮೇಜಿನ ಮುಂದೆ ಅಕ್ಕ ಕೆಲಸ ಕೇಳಿಕೊಂಡು ನಿಂತಿದ್ದಳು. ಆ ವರ್ಷ ಸರ್ಕಾರವೂ ಕೈ ಬಿಚ್ಚಿತ್ತು, ಬಡ್ಡಿಯೂ ಇಳಿದಿತ್ತು. ಬಟ್ಟೆಯ ಥಾನುಗಳನ್ನು ಮೆಟ್ಟಿಲ ಮೇಲೂ ಪೇರಿಸಿದ್ದರು. ಹೊಸ ಬಟ್ಟೆಯ ಗಂಜಿವಾಸನೆ ಬೀದಿಯವರೆಗೂ ಬರುತ್ತಿತ್ತು. ಒಂದೇ ವಾರದಲ್ಲಿ ಹನ್ನೆರಡು ಹೆಂಗಸರು ಸೇರಿದ್ದರು. ಅವಳು ಸಾಲಾಗಿ ಮೂರು ಕಾಲರ್ ಕೆಡಿಸಿದಾಗ ಈ ಯಜಮಾನನ ಅಪ್ಪ ನಕ್ಕು, "ನಾಲ್ಕನೇದನ್ನೂ ಕೆಡಿಸು ತಾಯಿ, ಬಟ್ಟೆಗೇನು ಬರ?" ಅಂದಿದ್ದರು.

ಅದು ಅವರ ದೊಡ್ಡ ಮನಸ್ಸು ಎಂದೇ ಅಕ್ಕ ಇಷ್ಟು ವರ್ಷ ನಂಬಿದ್ದಳು. ಆದರೆ ಮಗನದೂ ಸಣ್ಣ ಮನಸ್ಸೇನಲ್ಲ; ಆಗ ಕೆಡಿಸಲು ಬಟ್ಟೆಯಿತ್ತು, ಈಗಿಲ್ಲ.

"ಮನೆ ಎಲ್ಲಮ್ಮಾ?" ಎಂದು ಬಂದವಳನ್ನು ಕೇಳಿದಳು.

"ನೀರಿನ ಟ್ಯಾಂಕ್ ಹಿಂದೆ. ಹಸಿರು ಗೇಟು."

"ನಾಳೆ ಭಾನುವಾರ. ಮನೇಲಿರ್ತೀಯಾ?"

"ಇನ್ನೆಲ್ಲಿಗೆ ಹೋಗ್ಲಿ ಅಕ್ಕಾ?"

ಸಂಜೆ ಮನೆಗೆ ಬಂದವಳೇ ಹೊಲಿಗೆ ಯಂತ್ರದ ಮೇಲೆ ಪೇರಿಸಿದ್ದ ಬಟ್ಟೆಗಳನ್ನು ಮಂಚಕ್ಕೆ ಸಾಗಿಸಿದಳು. ಪೆಡಲಿಗೆ ಎರಡು ಹನಿ ಎಣ್ಣೆ ಬಿಟ್ಟಳು.

"ಅಲ್ಲಿ ದುಡಿದಿದ್ದು ಸಾಲ್ದಾ? ಬೆನ್ನುನೋವು ಅಂತಿದ್ದೆ," ಅಂದ ಗಂಡ.

"ಸುಮ್ನಿದ್ರೆ ತುಕ್ಕು ಹಿಡಿಯುತ್ತೆ," ಅಂದಳು.

ಅವನು ರೇಡಿಯೋದತ್ತ ತಿರುಗಿದ ಮೇಲೆ, ಅಡುಗೆಮನೆಯ ಸ್ಟೂಲನ್ನು ಸದ್ದಾಗದಂತೆ ಎತ್ತಿ ತಂದು ಯಂತ್ರದ ಮುಂದೆ ತನ್ನ ಸ್ಟೂಲಿನ ಪಕ್ಕದಲ್ಲಿಟ್ಟಳು.