ಖಾಲಿ ಚೀಟಿಯ ಹಾಡುಗಳು

ರಜೆಯ ದಿನ ರೇಡಿಯೋದಲ್ಲಿ ಎಂಥ ಹಾಡು ಹಾಕಬೇಕು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಕುಣಿಯೋ ಹಾಡು, ನಗೋ ಹಾಡು. ಆದರೆ ಈ ತಂಗಿಗೆ ಯಾರು ಬುದ್ಧಿ ಹೇಳಬೇಕು! ವರ್ಷದ ಕೊನೆಯ ರಜೆಯಲ್ಲಿ, ಊರೆಲ್ಲ ಉಂಡು ಕಾಲು ಚಾಚಿದ ಹೊತ್ತಿಗೆ, ಮಧ್ಯಾಹ್ನ ಎರಡರಿಂದ ಎರಡೂವರೆವರೆಗೆ ಅವಳದೊಂದು ಕಾರ್ಯಕ್ರಮ. ಅದರಲ್ಲಿ ಬರೋದೆಲ್ಲ ಹಿಂದೆ ಯಾರೂ ಕೇಳಿರದ ಹಾಡುಗಳು.

ಅವಳಿದ್ದ ರೇಡಿಯೋ ನಿಲಯದಲ್ಲಿ ಪ್ರತಿ ರೆಕಾರ್ಡಿನ ಕವರಿನೊಳಗೂ ಒಂದು ಚೀಟಿ ಇರುತ್ತಿತ್ತು. ಹಾಡು ಹಾಕಿದ ದಿನ ಅದರಲ್ಲಿ ತಾರೀಖು ಬರೆದಿಡುವುದು ಪದ್ಧತಿ. ತಂಗಿ ಹದಿನೈದು ದಿನ ಮೊದಲೇ ಕಪಾಟಿನ ಮುಂದೆ ಸ್ಟೂಲು ಹಾಕಿಕೊಂಡು, ಧೂಳಿಗೆ ಸೀನುತ್ತಾ, ಒಂದೂ ತಾರೀಖಿಲ್ಲದ ಚೀಟಿಯ ರೆಕಾರ್ಡುಗಳನ್ನು ಹೆಕ್ಕುತ್ತಿದ್ದಳು. ಈ ಸಲ ಐದು ಸಿಕ್ಕಿದ್ದವು.

ಗಾಜಿನ ಆಚೆ ಕೂತು ಯಂತ್ರ ನಡೆಸುವವನಿಗೆ ಎಲ್ಲರೂ ಇಟ್ಟ ಹೆಸರು ಗುಂಡಿರಾಯ. ಅವನು ಪಟ್ಟಿ ಓದಿ ಹಣೆ ಚಚ್ಚಿಕೊಂಡ.

"ಶಾಲೆ ಬ್ಯಾಂಡಿನವರು ತಾಳ ತಪ್ಪಿ ನಕ್ಕಿದ್ದು. ಆಯ್ತು, ಅದನ್ನ ಹೇಗೋ ಸಹಿಸ್ಕೋಬಹುದು. ಹಾರ್ಮೋನಿಯಂ ರಿಪೇರಿಯವನು ಶ್ರುತಿ ನೋಡಿದ್ದು, ಏಳು ನಿಮಿಷ! ಇದು ಹಾಡೇನಮ್ಮಾ? ಜನ ನನ್ನನ್ನ ಬೈತಾರೆ."

"ಬೈದ್ರೆ ಕೇಳ್ತಿದ್ದಾರೆ ಅಂತಾಯ್ತಲ್ಲ ಬಿಡಿ" ಅಂದಳು ತಂಗಿ.

ನಿಜ ಹೇಳಬೇಕೆಂದರೆ ಅವಳಿಗೆ ಊರಿನ ಜನ ಬರೀ ನೆಪ. ಆ ಪಟ್ಟಿ ಒಬ್ಬಳಿಗಾಗಿ ಬರೆದ ಕಾಗದ, ಅವಳ ಅಕ್ಕನಿಗಾಗಿ. ಚಿಕ್ಕಂದಿನಲ್ಲಿ ಅವರಿದ್ದ ಕೋಣೆಯ ಕೆಳಗೇ ಹಾರ್ಮೋನಿಯಂ ರಿಪೇರಿ ಅಂಗಡಿ ಇತ್ತು. ರಜೆ ಬಂತೆಂದರೆ ಇಬ್ಬರೂ ಪರದೆಯ ಹಿಂದೆ ಕೂತು ರೇಡಿಯೋ ಆಟ ಆಡುತ್ತಿದ್ದರು. ಕೆಳಗಿಂದ ಬರುವ ಕೊಂಯ್ ಕೊಂಯ್ ಸದ್ದೇ ಅವರ ಸಂಗೀತ. ಅಕ್ಕ ಉದ್ಘೋಷಕಿ, ತಂಗಿ ಶ್ರೋತೃ. ಅಕ್ಕನ ದನಿಗೆ ಬೀದಿಯವರು ಕಿಟಕಿ ಕೆಳಗೆ ನಿಂತು ಕಿವಿ ಕೊಡುತ್ತಿದ್ದರು, ಅಂಥ ದನಿ.

ದೊಡ್ಡವರಾದ ಮೇಲೆ ನಿಲಯದಿಂದ ಧ್ವನಿ ಪರೀಕ್ಷೆಗೆ ಕರೆ ಬಂದದ್ದೂ ಅಕ್ಕನಿಗೇ. ಅವತ್ತು ಅಕ್ಕನಿಗೆ ಕೆಂಡದಂಥ ಜ್ವರ. "ಬೇರೆ ದಿನ ಕೊಡ್ತಾರಾ ಕೇಳ್ಕೊಂಡು ಬಾರೇ" ಅಂತ ತಂಗಿಯನ್ನು ಕಳಿಸಿದಳು. ಬಾಗಿಲಲ್ಲಿದ್ದವರು "ಬನ್ನಿ ಬನ್ನಿ, ಹೊತ್ತಾಯ್ತು" ಅಂತ ಇವಳನ್ನೇ ಮೈಕಿನ ಮುಂದೆ ಕೂರಿಸಿಬಿಟ್ಟರು. ಓದಿ ಮುಗಿಸಿ ಹೇಳೋಣ ಅಂದುಕೊಂಡಳು. ಓದಿದ ಮೇಲೆ ಎಲ್ಲರೂ ತಲೆದೂಗಿದರು. ಹೆಸರು ಕೇಳಿದರು. ಇವಳು ತನ್ನ ಹೆಸರನ್ನೇ ಹೇಳಿಬಿಟ್ಟಳು.

ಅಷ್ಟೇ. ಕೆಲಸ ತಂಗಿಗಾಯಿತು, ಅಕ್ಕ ಮಾತು ಬಿಟ್ಟಳು, ಹನ್ನೊಂದು ವರ್ಷವಾಯಿತು. ನೆಂಟರ ಮನೆಯಲ್ಲಿ ಎದುರಾದರೆ "ಅವಳಿಗೆ ಇನ್ನೊಂದು ಚೂರು ಅನ್ನ ಬೇಕಾ ಕೇಳಿ" ಅಂತ ಪಕ್ಕದವರಿಗೆ ಹೇಳುವಳು. ಅಕ್ಕ ರೇಡಿಯೋ ಕೇಳುವುದನ್ನೂ ಬಿಟ್ಟಿದ್ದಾಳೆಂದು ಮನೆಯವರು ಹೇಳುತ್ತಿದ್ದರು. ಆದರೂ ತಂಗಿ ಪ್ರತಿ ವರ್ಷ ಪಟ್ಟಿ ಮಾಡುವಳು, ಪ್ರತಿ ವರ್ಷ ಕಾಯುವಳು. ಆಸೆಗೆ ನಾಚಿಕೆ ಎಲ್ಲಿದೆ? ಬರುವ ವರ್ಷದಿಂದ ರಜೆಯ ಹಾಡುಗಳನ್ನು ಕಂಪ್ಯೂಟರೇ ಆರಿಸುತ್ತದೆ ಅಂತ ಮೇಲಿನವರು ಹೇಳಿಯಾಗಿತ್ತು. ಕಾಯಲಿಕ್ಕೆ ಇನ್ನೊಂದು ವರ್ಷ ಇರಲಿಲ್ಲ.

ರಜೆಯ ದಿನ ಬಂತು, ಮೊದಲು ಹಾಕಿದ ಶಾಲೆ ಬ್ಯಾಂಡು ಮುಗಿಯಿತು. ಹಾರ್ಮೋನಿಯಂ ಶುರುವಾಗಿ ಎರಡು ನಿಮಿಷ ಆಗಿರಬೇಕು, ಗುಂಡಿರಾಯ ಗಾಜು ಬಡಿದು ಫೋನು ತೋರಿಸಿದ. ಬೈಗುಳ ಬಂತು ಅಂತ ಅವನ ಮುಖದಲ್ಲೇ ಬರೆದಿತ್ತು. ತಂಗಿ ಎದ್ದು ಹೋಗಿ ಫೋನು ತಗೊಂಡಳು.

"ನಾನಮ್ಮಾ, ಭಾವ. ಅಲ್ಲಾ, ಇವಳು ಹೇಳ್ತಿದ್ದಾಳೆ..."

"ನಾನೇನೂ ಹೇಳ್ತಿಲ್ಲ!" ಹಿಂದಿನಿಂದ ಬಂತು ದನಿ. "ನೀವೇ ಕೇಳ್ತಿದ್ದೀರಿ ಅನ್ನಿ."

ಅಕ್ಕನ ಅದೇ ದನಿ.

"ಹಾಂ, ನಾನೇ ಕೇಳ್ತಿದ್ದೀನಿ" ಅಂದ ಭಾವ, ಪಾಪ. "ಹಾರ್ಮೋನಿಯಮ್ಮನ್ನ ಎರಡನೇದಾಗಿ ಯಾಕೆ ಹಾಕಿದ್ದು?"

"ಹೋದ ವರ್ಷವೂ ಅಷ್ಟೇ, ಅದರ ಹಿಂದಿನ ವರ್ಷವೂ ಅಷ್ಟೇ" ಅಂತು ಹಿಂದಿನ ದನಿ. "ಒಳ್ಳೇದನ್ನೆಲ್ಲ ಮೊದಲೇ ಸುರಿದು ಕೊನೆಗೆ ಸಪ್ಪೆ ಮಾಡೋದು!"

ಅಯ್ಯೋ, ಹಾಗಾದರೆ ಪ್ರತಿ ವರ್ಷವೂ ಕೇಳಿದ್ದಾಳೆ! ತಂಗಿ ಮೇಜಿನ ಮೇಲಿದ್ದ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಭಾವ, ಇನ್ನೂ ಮೂರಿದೆ. ದೋಣಿ ನಡೆಸೋ ಹೆಂಗಸರ ಹಾಡು, ಒಬ್ಬರು ಬರೀ ಶಿಳ್ಳೆಯಲ್ಲೇ ಹಾಡಿದ್ದು, ಇಸ್ತ್ರಿಯವನೊಬ್ಬ ಹಾಡಿದ ಜೋಗುಳ. ಯಾವುದರ ಹಿಂದೆ ಯಾವುದು ಅಂತ ಕೇಳಿ."

ಭಾವ ಕೇಳುವ ಮೊದಲೇ ಉತ್ತರ ಬಂತು. ಶಿಳ್ಳೆ, ಆಮೇಲೆ ಜೋಗುಳ, ಕೊನೆಗೆ ದೋಣಿ.

"ಕೇಳಿಸ್ಲಿಲ್ಲ ಭಾವ, ಇನ್ನೊಂದ್ಸಲ" ಅಂದಳು ತಂಗಿ. ಒಂದೊಂದು ಅಕ್ಷರವೂ ಕೇಳಿಸಿತ್ತು. "ಜೋಗುಳ ಕೊನೆಗೆ ಬೇಡ್ವಾ? ಯಾಕೆ ಅಂತ ಕೇಳಿ ಭಾವ."

"ಜೋಗುಳ ಕೊನೆಗೆ ಹಾಕಿದ್ರೆ ಜನ ಮಲಗಿಬಿಡ್ತಾರೆ, ಅಷ್ಟೂ ಗೊತ್ತಾಗಲ್ವಂತಾ ಆ ಮಹಾರಾಣಿಗೆ?"

ಗುಂಡಿರಾಯ ಒಂದು ಬೆರಳೆತ್ತಿ ತೋರಿಸಿದ, ಒಂದೇ ನಿಮಿಷ. ತಂಗಿ ಫೋನಿಟ್ಟು ಓಡಿದಳು.

ಶಿಳ್ಳೆ, ಜೋಗುಳ, ದೋಣಿ. ಅಕ್ಕ ಹೇಳಿದ ಹಾಗೇ ಹಾಕಿದಳು. ದೋಣಿ ಹೆಂಗಸರ ಹಾಡು ದೂರ ದೂರ ಹೋಗಿ ನಿಂತಾಗ ಗುಂಡಿರಾಯನೂ ಕೈ ಕಟ್ಟಿ ಕೇಳುತ್ತಾ ಕೂತಿದ್ದ. ಕೆಂಪು ದೀಪ ಹತ್ತಿತು.

"ಇವತ್ತಿನ ಹಾಡುಗಳನ್ನ ಜೋಡಿಸಿದವರು ನಮ್ಮಕ್ಕ" ಅಂದಳು ತಂಗಿ. "ಹನ್ನೊಂದು ವರ್ಷದ ಹಿಂದೆ ಈ ಕುರ್ಚಿಗೆ ಕರೆ ಬಂದಿದ್ದೂ ಅವರಿಗೇ. ದಿನ ಮುಂದಕ್ಕೆ ಹಾಕಿಸೋಕೆ ಬಂದವಳು ನಾನು. ಹೆಸರು ಕೇಳಿದಾಗ ನನ್ನ ಹೆಸರು ಹೇಳಿಬಿಟ್ಟೆ. ತಪ್ಪು ಮಾಡಿದೆ. ಅಕ್ಕಾ, ನೀನು ಮಾತು ಬಿಟ್ಟ ಮೇಲೆ ನಂಗೆ ಯಾವ ಹಾಡೂ ರುಚಿಸ್ತಿಲ್ಲ. ನಮಸ್ಕಾರ."

ದೀಪ ಆರಿತು. ಮತ್ತೆ ಫೋನು ಬಂತು, ಗುಂಡಿರಾಯ ಅದನ್ನು ಮುಂದೆ ಹಿಡಿದ. ಆ ಕಡೆ ಭಾವ ಇರಲಿಲ್ಲ.

"ಮೈಕ್ ಮುಂದೆ ಅಳ್ತಾರೇನೇ?"

"ಅಳ್ಲಿಲ್ಲ ಅಕ್ಕಾ."

"ನನ್ನ ಹತ್ರ ಸುಳ್ಳು ಹೇಳ್ಬೇಡ, ಕತ್ತೆ! ಕೊನೇ ಸಾಲು ಪೂರ್ತಿ ನುಂಗಿದೆ. ನೀರು ಕುಡಿ ಹೋಗು."

ಕಟ್ ಆಯಿತು. ತಂಗಿ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ಇನ್ನೊಂದು ಮಾತು ಬೇಕಿತ್ತು, ಬೈಗುಳವೇ ಆಗಲಿ, ಇನ್ನೊಂದೇ ಒಂದು.

"ಏನಂದ್ರಮ್ಮಾ?" ಗುಂಡಿರಾಯ ಮೆಲ್ಲಗೆ ಕೇಳಿದ.

"ಬೈದಳು" ಅಂದಳು ತಂಗಿ. "ಯಾರ ಹತ್ರಾನೂ ಹೇಳಿಸ್ಲಿಲ್ಲ. ನನಗೇ ಬೈದಳು."