ನೂರರಿಂದ ನೂರೈವತ್ತಕ್ಕೆ

ಶಂಕರನಾರಾಯಣದ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಗುಲ್ವಾಡಿಗಿಂತ ಸ್ವಲ್ಪ ಮೇಲೆ ದೊಡ್ಡ ಹೊಳೆಯನ್ನು ಸೇರುವ ಒಂದು ಸಣ್ಣ ಹೊಳೆಗೆ ಹದಿನಾಲ್ಕು ಕಿಂಡಿಗಳ ಅಣೆಕಟ್ಟು ಇತ್ತು. ದೀಪಾವಳಿ ಕಳೆದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದರೆ ಸಿಹಿನೀರು ಮೇಲೆ ನಿಲ್ಲುತ್ತಿತ್ತು. ಉಬ್ಬರದಲ್ಲಿ ಕಡಲಿನಿಂದ ಏರಿ ಬರುವ ಉಪ್ಪುನೀರು ಕೆಳಗೇ ಉಳಿಯುತ್ತಿತ್ತು. ಮಳೆಗಾಲ ಹಿಡಿಯುವ ಮೊದಲು ಹಲಗೆ ತೆಗೆಯಬೇಕು. ಬೇಗ ತೆಗೆದರೆ ಎಂಬತ್ತು ಮನೆಗಳ ಬಾವಿ ಉಪ್ಪಾಗುತ್ತದೆ, ತಡವಾದರೆ ಹೊಳೆ ದಂಡೆ ಕೊರೆದು ಗದ್ದೆಗೆ ನುಗ್ಗುತ್ತದೆ. ಮಳೆ ಹೇಳಿದ ದಿನಕ್ಕೆ ಬರುತ್ತಿದ್ದ ಕಾಲದಲ್ಲಿ ಇದು ಯಾರಿಗೂ ತಲೆನೋವಾಗಿರಲಿಲ್ಲ. ಹಿರಿಯರು ಆಕಾಶ ನೋಡಿ ಒಂದು ದಿನ ಹೇಳುತ್ತಿದ್ದರು, ಅಂದು ಹಲಗೆ ಮೇಲೆ ಬರುತ್ತಿತ್ತು.

ಆ ಲೆಕ್ಕ ತಪ್ಪಿದ್ದು ಆರು ವರ್ಷದ ಹಿಂದೆ. ಮೇ ತಿಂಗಳಲ್ಲೇ ಬಂದ ಮಳೆಗೆ ಹೊಳೆ ಉಕ್ಕಿ, ಗದ್ದೆಗಳಲ್ಲಿ ಆಳೆತ್ತರದ ನೀರು ನಿಂತು, ಕಟ್ಟಿಹಾಕಿದ್ದ ಹನ್ನೊಂದು ದನಗಳು ಸತ್ತವು. ಅದರಲ್ಲಿ ಮೂರು ಉಮಾವತಿಯವರವು. ಐವತ್ತು ದಾಟಿದ ಉಮಾವತಿ ಊರಿನಲ್ಲಿ ಗದ್ದೆ ಮಾಡಿಸುತ್ತಿದ್ದರು, ಗಂಡ ಮುಂಬೈಯ ಹೋಟೆಲು ನೋಡಿಕೊಳ್ಳುತ್ತಿದ್ದರು. ಒಂದು ಅವಧಿಗೆ ಪಂಚಾಯತಿ ಸದಸ್ಯೆಯಾಗಿದ್ದರಿಂದ ನಾಲ್ಕು ಜನರನ್ನು ಸೇರಿಸುವುದು ಅವರಿಗೆ ಗೊತ್ತಿತ್ತು. ನೆರೆ ಇಳಿದ ಮೇಲೆ ಅವರಿಗೆ ಹೊಳೆದದ್ದು ಇಷ್ಟೇ: ಮೇಲಿನ ಊರುಗಳಲ್ಲಿ ಬಿದ್ದ ಮಳೆ ಇಲ್ಲಿಗೆ ಬರಲು ಐದಾರು ಗಂಟೆ ಬೇಕು. ಅಲ್ಲಿ ಎಷ್ಟು ಬಿತ್ತೆಂದು ತಿಳಿದರೆ ಇಲ್ಲಿ ಐದಾರು ಗಂಟೆ ಸಿಗುತ್ತದೆ.

ಅವರು ಬಸ್ಸು ಹಿಡಿದು ಹೊಳೆಯುದ್ದಕ್ಕೂ ಊರೂರಿಗೆ ಹೋದರು. ಒಂಬತ್ತು ಮಂದಿ ಹೆಂಗಸರು ಒಪ್ಪಿದರು. ದೊಡ್ಡ ಪ್ಲಾಸ್ಟಿಕ್ ಬಾಟ್ಲಿಯ ಕುತ್ತಿಗೆ ಕತ್ತರಿಸಿ, ಅಳತೆಯ ಪಟ್ಟಿ ಅಂಟಿಸಿ, ತೆರೆದ ಅಂಗಳದಲ್ಲಿ ನಿಲ್ಲಿಸುವುದು, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ವಾಟ್ಸ್ಯಾಪಿನಲ್ಲಿ ಹಾಕುವುದು. ಊರಿನ ಪಂಪುಸೆಟ್ ರಿಪೇರಿಯ ರಾಜೇಂದ್ರ ಗಂಗೊಳ್ಳಿಯಿಂದ ಹಳೆಯ ದೋಣಿಯ ಹಗ್ಗ ಸುತ್ತುವ ಯಂತ್ರವೊಂದನ್ನು ತಂದು, ಗಾಲಿ ಕಟ್ಟಿ, ಅಣೆಕಟ್ಟಿನ ಮೇಲೆ ಓಡಾಡುವಂತೆ ಮಾಡಿದ. ನಾಲ್ಕು ಗಂಡಸರು ಕಾಲು ಗಂಟೆ ಎಳೆಯುತ್ತಿದ್ದ ಹಲಗೆ ಎರಡು ನಿಮಿಷಕ್ಕೆ ಮೇಲೆ ಬಂತು. ಅಣೆಕಟ್ಟು ಕಟ್ಟಿದ ವರ್ಷದಿಂದಲೂ ಹಲಗೆ ಹಾಕಿ ತೆಗೆಯುತ್ತಿದ್ದ ಸೂರಣ್ಣ ಅದನ್ನು ಸುತ್ತು ಬಂದು ನೋಡಿ, ಇನ್ನು ತನಗೆ ಕೆಲಸವಿಲ್ಲ ಎಂದು ನಕ್ಕ. ಆದರೆ ಯಾವ ಹಲಗೆಯನ್ನು ಮೊದಲು ಎತ್ತಬೇಕು, ಯಾವುದನ್ನು ಕೊನೆಗೆ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು.

ಶಾಲೆಯ ಜಗುಲಿಯಲ್ಲಿ ಸಭೆ ಸೇರಿ ಒಂದು ನಿಯಮ ಮಾಡಿದರು. ಮೇಲಿನ ಯಾವುದೇ ಎರಡು ಕಡೆ ನೂರು ಮಿಲಿಮೀಟರ್ ದಾಟಿದರೆ, ಯಾರ ಗದ್ದೆಗೆ ನೀರು ಬೇಕಿದ್ದರೂ, ಹಲಗೆ ತೆಗೆಯುವುದು. ತೆಗೆಯಲು ಹೇಳುವವರು ಉಮಾವತಿ. ಎಲ್ಲರೂ ಸಹಿ ಹಾಕಿದರು.

ನಾಲ್ಕು ವರ್ಷ ಇದು ಚೆನ್ನಾಗಿಯೇ ನಡೆಯಿತು. ಎರಡು ಬಾರಿ ಹೊಳೆ ಕೆಂಪಾಗಿ ಉಕ್ಕಿ ಬಂದಾಗ ಕಿಂಡಿಗಳು ತೆರೆದಿದ್ದವು, ನೀರು ದಾರಿ ಹಿಡಿದು ಹೋಯಿತು. ಐದನೆಯ ವರ್ಷ ಮೇ ಹದಿನೈದಕ್ಕೆ ಎರಡು ಕಡೆ ನೂರ ಆರು, ನೂರ ಹತ್ತು ಬಂತು. ಉಮಾವತಿ ಹಲಗೆ ತೆಗೆಸಿದರು. ಮರುದಿನದಿಂದ ಬಿಸಿಲು. ಇಪ್ಪತ್ತಾರು ದಿನ ಒಂದು ಹನಿ ಬೀಳಲಿಲ್ಲ. ಇಂದೋ ನಾಳೆಯೋ ಮಳೆ ಬಂದೀತೆಂದು ಯಾರೂ ಹಲಗೆ ಮತ್ತೆ ಇಳಿಸಲಿಲ್ಲ. ಹುಣ್ಣಿಮೆಯ ಉಬ್ಬರಕ್ಕೆ ಉಪ್ಪುನೀರು ಅಣೆಕಟ್ಟು ದಾಟಿ ಎರಡು ಕಿಲೋಮೀಟರ್ ಮೇಲೆ ಹೋಯಿತು. ಬಾವಿಗಳು ಉಪ್ಪಾದವು, ತೊಂಡೆ ಚಪ್ಪರಗಳು ಸುಟ್ಟಂತೆ ಒಣಗಿದವು. ಟ್ಯಾಂಕರ್ ನೀರಿಗೆ ಕೊಡಪಾನ ಹಿಡಿದು ನಿಂತ ಹೆಂಗಸರು ಉಮಾವತಿಗೆ ಕೇಳಿಸುವಂತೆಯೇ ಹೇಳಿದರು:

"ಗಂಜಿಗ್ ಉಪ್ಪ್ ಹಾಕುದ್ ಬ್ಯಾಡ. ಉಮಕ್ಕ ಹಾಕಿರ್."

ಅವರು ಅದನ್ನು ಕೇಳಿಯೂ ಕೇಳದಂತೆ ನಡೆದುಹೋದರು. ಆದರೆ ಆ ಬೇಸಿಗೆಯಿಡೀ ಮದುವೆಮನೆಗಳಲ್ಲಿ, ಅಂಗಡಿಯ ಮುಂದೆ, ಬಸ್ಸಿನಲ್ಲಿ ಅದೇ ಮಾತು. ದೀಪಾವಳಿಯ ನಂತರದ ಸಭೆಯಲ್ಲಿ ನೂರನ್ನು ನೂರೈವತ್ತು ಮಾಡಬೇಕೆಂದು ಹಲವರು ಪಟ್ಟುಹಿಡಿದರು. ಸೂರಣ್ಣ ಒಬ್ಬನೇ, ಹೊಳೆ ಅಂಕಿ ನೋಡಿ ಬರುವುದಿಲ್ಲ, ಕಡಿಮೆ ಇದ್ದರೇ ಒಳ್ಳೆಯದು ಎಂದ. ನಿನಗಾದರೆ ಟ್ಯಾಂಕರ್ ನೀರೂ ಆದೀತು, ನಮಗಾಗದು ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು. ಉಮಾವತಿಗೆ ಸಾಕಾಗಿತ್ತು. ಆಗಲಿ, ನೂರೈವತ್ತು ಎಂದು ಬರೆದುಕೊಂಡರು.

ಮರುವರ್ಷ ಮೇ ಇಪ್ಪತ್ತರ ಬೆಳಿಗ್ಗೆ ಶಂಕರನಾರಾಯಣದಿಂದ ಸರೋಜಳ ಫೋನು ಬಂತು. ಸರೋಜ ಸೂರಣ್ಣನ ಮಗಳು. ಅಲ್ಲಿಗೆ ಮದುವೆಯಾಗಿ ಹೋಗಿ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಂಬತ್ತು ಮಂದಿಯಲ್ಲಿ ಒಂದು ದಿನವೂ ಅಳತೆ ತಪ್ಪಿಸದವಳು ಅವಳೊಬ್ಬಳೇ. ಅಂಕಿಯನ್ನು ಆಗಲೇ ವಾಟ್ಸ್ಯಾಪಿಗೆ ಹಾಕಿದ್ದಳು, ಆದರೂ ಫೋನು ಮಾಡಿದ್ದಳು.

"ಉಮಕ್ಕ, ನೂರಾ ಮೂವತ್ತೆರಡ್ ಆಯ್ತ್. ಮಳಿ ನಿಲ್ಲು ಹಾಂಗ್ ಕಾಂತಿಲ್ಲ."

"ಇಲ್ಲಿ ಹನಿ ಸಣ್ಣ ಆಯ್ತ್ ಮಾರಾಯ್ತಿ. ಹನ್ನೊಂದ್ ಗಂಟಿ ವರೆಗೆ ಕಾಂಬ."

"ಹಲ್ಗಿ?"

"ನೂರೈವತ್ತ್ ಆಯ್ಲಿಲ್ಲ ಅಲ್ದಾ."

ಸರೋಜ ಹಾಗಾದರೆ ಆಯಿತು ಎಂದು ಫೋನಿಟ್ಟಳು. ಇನ್ನೊಂದು ಕಡೆಯಿಂದ ನೂರ ಇಪ್ಪತ್ತೆಂಟು ಬಂದಿತ್ತು. ಉಮಾವತಿ ಅಂಗಳಕ್ಕೆ ಇಳಿದು ಆಕಾಶ ನೋಡಿದರು. ಪಡುವಣದಲ್ಲಿ ಬೆಳಕಿತ್ತು, ಮೂಡಣದ ಗುಡ್ಡಗಳೇ ಕಾಣುತ್ತಿರಲಿಲ್ಲ. ಹಲಗೆ ತೆಗೆಸಬೇಕೆಂದು ಅವರ ಮನಸ್ಸು ಹೇಳಿತು. ಹಾಗೆ ತೆಗೆಸಿದ್ದಕ್ಕೇ ಹೋದ ವರ್ಷ ಊರಿಡೀ ಉಪ್ಪು ಕುಡಿಯಿತೆಂಬುದೂ ನೆನಪಾಯಿತು. ಕಾದರೆ ನಿಯಮ ಅವರ ಕಡೆಗಿತ್ತು. ಮಳೆ ನಿಂತರೆ ಯಾರೂ ಏನೂ ಹೇಳುವ ಹಾಗಿಲ್ಲ. ಅವರು ಒಳಗೆ ಹೋಗಿ ದೋಸೆಗೆ ಹಿಟ್ಟು ಕದಡಿದರು.

ಹನ್ನೊಂದಕ್ಕೆ ಸರೋಜ ಮತ್ತೆ ಅಳೆದು ಹಾಕಿದಳು. ಎರಡೂವರೆ ಗಂಟೆಯಲ್ಲಿ ತೊಂಬತ್ತು. ಅದರ ಕೆಳಗೇ ಬೇರೆಯವರದು ಎಂಬತ್ತು, ಎಂಬತ್ತೈದು. ಉಮಾವತಿ ರಾಜೇಂದ್ರನಿಗೆ ಫೋನು ಮಾಡಿ ಕೂಡಲೇ ಅಣೆಕಟ್ಟಿಗೆ ಹೋಗಲು ಹೇಳಿ, ಕೊಡೆ ಹಿಡಿದು ಸೂರಣ್ಣನ ಮನೆಗೆ ತಾವೇ ಓಡಿದರು. ಸೂರಣ್ಣ ತಲೆಗೆ ಮುಂಡಾಸು ಸುತ್ತಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಜಗುಲಿಯ ತುದಿಯಲ್ಲಿ ಕೂತಿದ್ದ.

"ಬೆಳಿಗ್ಗೆಯೇ ಕರೀತ್ರಿ ಅಂದೇಳಿ ಕಾದ್ಕಂಡ್ ಕೂಕಂಡಿದ್ದೆ," ಎಂದ. ಅಷ್ಟೇ ಹೇಳಿ ಮಳೆಗಿಳಿದ.

ಅವರು ಹೋಗುವ ಹೊತ್ತಿಗೆ ನೀರು ಹಲಗೆಯ ಮೇಲಿಂದ ಬೀಳುತ್ತಿತ್ತು. ರಾಜೇಂದ್ರನ ಯಂತ್ರ ಕೈಕೊಡಲಿಲ್ಲ. ಸೂರಣ್ಣ ತೋರಿಸಿದ ಕಿಂಡಿಗೆ ಗಾಲಿ ತಳ್ಳಿ, ಕೊಂಡಿ ಸಿಕ್ಕಿಸಿ, ಎಳೆದು ಒಂದೊಂದೇ ಮೇಲೆ ತಂದರು. ಏಳು ಮಂದಿ ಇದ್ದರು. ಎರಡು ಗಂಟೆಯ ಒಳಗೆ ಎಂಟು ಕಿಂಡಿ ತೆರೆದವು. ಉಮಾವತಿ ದಡದಲ್ಲಿ ನಿಂತು ಕೆಳಗಿನ ಮನೆಗಳವರಿಗೆ ಫೋನು ಮಾಡುತ್ತಿದ್ದರು. ದನ ಬಿಚ್ಚಿ, ಮುದುಕರನ್ನು ಕರೆದುಕೊಂಡು ಶಾಲೆಗೆ ಹೋಗಲು ಹೇಳಿದರು. ಅಂದು ಜನ ಮರುಮಾತಿಲ್ಲದೆ ಹೋದರು.

ಒಂಬತ್ತನೆಯ ಕಿಂಡಿಗೆ ಕೊಂಡಿ ಹಾಕುವಾಗ ಮೇಲಿನಿಂದ ಬೇರುಸಹಿತ ಒಂದು ಬಿದಿರ ಮೆಳೆ ತೇಲಿಬಂದು ಅಡ್ಡವಾಗಿ ಸಿಕ್ಕಿಕೊಂಡಿತು. ಅದರ ಹಿಂದೆ ಮರದ ಗೆಲ್ಲು, ಕಸ, ಯಾರದೋ ಕೊಟ್ಟಿಗೆಯ ಮಾಡು. ತೆರೆದಿದ್ದ ಕಿಂಡಿಗಳೂ ಮುಚ್ಚಿಹೋದವು. ನೀರು ಏರಿ ಅಣೆಕಟ್ಟಿನ ತೆಂಕಣ ಪಕ್ಕದ ಮಣ್ಣಿನ ದಂಡೆಯನ್ನು ಕಚ್ಚತೊಡಗಿತು. ಮೆಳೆಯನ್ನು ಹಿಡಿದಿದ್ದ ಎರಡು ದಪ್ಪ ಬಿದಿರು ಕಡಿದರೆ ಉಳಿದದ್ದು ತಾನಾಗಿ ಹೋಗುತ್ತದೆ ಎಂದು ಸೂರಣ್ಣ ಹೇಳಿದ. ರಾಜೇಂದ್ರ ತಾನು ಇಳಿಯುತ್ತೇನೆಂದ. ಸೂರಣ್ಣ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಬ್ಯಾಡ ಸೂರಣ್ಣ," ಎಂದರು ಉಮಾವತಿ. "ಹೋಪುದ್ ಹೋಯ್ಲಿ. ಮೇಲೆ ಬನ್ನಿ."

"ದಂಡಿ ಹೋರೆ ಮತ್ತೆಂತ ಉಳಿತ್ತ್ ಉಮಕ್ಕ?"

ಸೂರಣ್ಣ ಮೆಳೆಯ ಮೇಲಿಳಿದು ಒಂದು ಬಿದಿರು ಕಡಿದ. ಎರಡನೆಯದಕ್ಕೆ ಮೂರು ಏಟು ಬೀಳುವಷ್ಟರಲ್ಲಿ ಮೆಳೆಯೇ ಹೊರಳಿತು. ಹಗ್ಗ ಕಿಂಡಿಯ ಕಾಂಕ್ರೀಟಿನ ಅಂಚಿಗೆ ಉಜ್ಜಿ ತುಂಡಾಯಿತು, ಹಿಡಿದಿದ್ದ ಮೂವರೂ ಹಿಂದಕ್ಕೆ ಬಿದ್ದರು. ರಾಜೇಂದ್ರನ ಕೈಯಲ್ಲಿ ತುಂಡು ಹಗ್ಗ ಉಳಿಯಿತು. ಮುಂಡಾಸು ಒಮ್ಮೆ ಕೆಂಪು ನೀರಿನ ಮೇಲೆ ಕಂಡಂತಾಯಿತು ಎಂದು ಆಮೇಲೆ ಒಬ್ಬರು ಹೇಳಿದರು. ಉಮಾವತಿಗೆ ಏನೂ ಕಾಣಲಿಲ್ಲ.

ಅರ್ಧ ಗಂಟೆಯ ನಂತರ ತೆಂಕಣ ದಂಡೆ ಕುಸಿಯಿತು. ಹೊಳೆ ಅಣೆಕಟ್ಟನ್ನು ಬಳಸಿಕೊಂಡು ಗದ್ದೆಗಳ ನಡುವೆ ಹೊಸ ದಾರಿ ಮಾಡಿಕೊಂಡಿತು. ನಾಲ್ಕು ಮನೆ ಬಿದ್ದವು, ಅದರಲ್ಲಿ ಸೂರಣ್ಣನದೂ ಒಂದು. ಜನರೆಲ್ಲ ಶಾಲೆಯಲ್ಲಿದ್ದುದರಿಂದ ಬೇರೆ ಯಾರೂ ಸಾಯಲಿಲ್ಲ. ಸೂರಣ್ಣನ ದೇಹ ಮೂರನೆಯ ದಿನ ಗಂಗೊಳ್ಳಿಯ ಅಳಿವೆಯ ಹತ್ತಿರ ದೋಣಿಯವರಿಗೆ ಸಿಕ್ಕಿತು.

ನೋಡಲು ಅಧಿಕಾರಿಗಳು ಬಂದರು, ಪತ್ರಿಕೆಯವರು ಬಂದರು. ಬಾಟ್ಲಿಗಳ ಸಂಗತಿ ತಿಳಿದ ಒಬ್ಬರು, ಜನರೇ ಸೇರಿ ಇಷ್ಟು ಜೀವ ಉಳಿಸಿದ್ದು ದೊಡ್ಡ ಮಾದರಿ ಎಂದು ಉಮಾವತಿಯ ಫೋಟೋ ಹಾಕಿ ಬರೆದರು. ಅವರು ಆ ಪತ್ರಿಕೆಯನ್ನು ಮನೆಯೊಳಗೆ ತರಲಿಲ್ಲ. ಹೊಸ ಅಣೆಕಟ್ಟಿಗೆ ಅರ್ಜಿ ಹೋಯಿತು. ಇಂಜಿನಿಯರು ಅಳತೆ ಮಾಡಿ, ಹೊಳೆ ಇನ್ನೆಲ್ಲಿ ನಿಲ್ಲುತ್ತದೆಂದು ಎರಡು ಮಳೆಗಾಲ ನೋಡದೆ ಹೇಳಲಾಗದು ಎಂದು ಹೋದರು. ಅದು ಸುಳ್ಳೂ ಅಲ್ಲ. ದೀಪಾವಳಿ ಬಂದಾಗ ಹಲಗೆ ಹಾಕಿ ಪ್ರಯೋಜನವಿರಲಿಲ್ಲ. ಹದಿನಾಲ್ಕು ಕಿಂಡಿಗಳು ಒಣ ಮರಳಿನಲ್ಲಿ ನಿಂತಿದ್ದವು, ಹೊಳೆ ಪಕ್ಕದಲ್ಲಿ ಹರಿಯುತ್ತಿತ್ತು. ಊರಿನವರು ಮರಳಿನ ಚೀಲ ಪೇರಿಸಿ ಅಡ್ಡ ಕಟ್ಟಲು ನೋಡಿದರು. ಎರಡು ವಾರ ದುಡಿದು ಕಟ್ಟಿದ್ದು ಒಂದು ಅಮಾವಾಸ್ಯೆಯ ಉಬ್ಬರಕ್ಕೆ ಜಾರಿತು. ಜನವರಿಗೆ ಬಾವಿಗಳು ಉಪ್ಪಾದವು. ಈ ಸಲ ಯಾರೂ ಉಮಾವತಿಯನ್ನು ಆಡಿಕೊಳ್ಳಲಿಲ್ಲ, ಅದೇ ಅವರಿಗೆ ಹೆಚ್ಚು ಕಷ್ಟವಾಯಿತು. ರಾಜೇಂದ್ರ ಅಂಗಡಿ ಮುಚ್ಚಿ ಹೆಂಡತಿಯ ಊರು ಬ್ರಹ್ಮಾವರದ ಕಡೆ ಹೋದ. ಹೋಗುವ ಮೊದಲು ಉಮಾವತಿಯ ಮನೆಗೆ ಬಂದು, ಹಗ್ಗಕ್ಕೆ ಅಂಚಿನಲ್ಲಿ ಒಂದು ಗೋಣಿ ಮಡಚಿ ಇಟ್ಟಿದ್ದರೆ ಸಾಕಿತ್ತು ಎಂದು ಹೇಳಿ, ಉತ್ತರಕ್ಕೆ ಕಾಯದೆ ಎದ್ದ.

ಸರೋಜ ತಂದೆಯ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದವರನ್ನೆಲ್ಲ ಉಪಚರಿಸಿದ್ದಳು, ಉಮಾವತಿಯನ್ನೂ. ಆದರೆ ಮತ್ತೆ ಅಳತೆ ಹಾಕಿರಲಿಲ್ಲ. ಅವಳು ನಿಲ್ಲಿಸಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಫೆಬ್ರವರಿಯಲ್ಲಿ ಒಂದು ದಿನ ಉಮಾವತಿ ಶಂಕರನಾರಾಯಣಕ್ಕೆ ಹೋದರು. ಶಾಲೆ ಬಿಟ್ಟು ಬಂದ ಸರೋಜ ಚಾ ಮಾಡಿ ತಂದು ಎದುರು ಕೂತಳು. ಉಮಾವತಿ ಎಂಟು ತಿಂಗಳಿನಿಂದ ಯಾರಿಗೂ ಹೇಳದ್ದನ್ನು ಹೇಳಿದರು. ಅಂದು ಬೆಳಿಗ್ಗೆ ಮಳೆ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಯಮದ ಹಿಂದೆ ನಿಂತೆ. ಜನರ ಬಾಯಿಗೆ ಹೆದರಿದೆ.

ಸರೋಜ ಅಳಲಿಲ್ಲ. ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದಳು.

"ನಂಗೂ ಗೊತ್ತಿತ್ತ್ ಉಮಕ್ಕ," ಎಂದಳು. "ಅಪ್ಪಯ್ಯಂಗೇ ಫೋನ್ ಮಾಡ್ಲಕ್ಕಿತ್ತ್. ಹೇಳಿರೆ ಯಾರನ್ನೂ ಕೇಂತಿರ್ಲಿಲ್ಲ, ಒಬ್ರೇ ಹೋಯಿ ತೆಗಿತಿದ್ರ್. ಅದ್ಕೇ ಮಾಡ್ಲಿಲ್ಲ. ಊರ್ಗೆ ಕೆಟ್ಟವ್ರ್ ಆತ್ರಲೆ ಅಂದೇಳಿ."

ಉಮಾವತಿಗೆ ಮತ್ತೆ ಅಳತೆ ಶುರುಮಾಡೋಣ ಎಂದು ಕೇಳುವ ಯೋಚನೆ ಇತ್ತು. ಮೇಲೆ ಎಷ್ಟು ಬಿತ್ತೆಂದು ತಿಳಿದರೂ ಕೆಳಗೆ ತೆರೆಯಲಿಕ್ಕೆ, ಮುಚ್ಚಲಿಕ್ಕೆ ಏನೂ ಉಳಿದಿಲ್ಲ. ಓಡಿಹೋಗಲು ಮಾತ್ರ ಹೇಳಬಹುದು. ಅಷ್ಟನ್ನಾದರೂ ಹೇಳಬೇಕಲ್ಲ ಎಂದು ಬಸ್ಸಿನಲ್ಲಿ ಬರುವಾಗ ಅನಿಸಿದ್ದು ಈಗ ಬಾಯಿಗೆ ಬರಲಿಲ್ಲ.

ಸರೋಜ ಅವರನ್ನು ರಸ್ತೆಯವರೆಗೆ ಕಳಿಸಲು ಬಂದಳು. ಕುಂದಾಪುರದ ಬಸ್ಸು ತಡವಾಗಿತ್ತು. ಸರೋಜಳ ಮಗನಿಗೆ ಪರೀಕ್ಷೆ, ಗಂಡನಿಗೆ ಬೆನ್ನುನೋವು ಎಂದು ಇಬ್ಬರೂ ಅದೂ ಇದೂ ಮಾತಾಡಿದರು. ಬಸ್ಸು ಬಂತು. ಉಮಾವತಿ ಹತ್ತಿ, ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿ ತಿರುಗಿ ನೋಡುವಾಗ ಸರೋಜ ಮನೆಯ ಕಡೆ ನಡೆಯುತ್ತಿದ್ದಳು.